ಪಾರ್ಕಿಗೆ ಬಂದ ಅಳಿಯ

ಪೋಸ್ಟಣ್ಣನಿಗೂ ನಾಯಿಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹೆಗಲ ಮೇಲೆ ಚೀಲ ಹಾಕಿಕೊಂಡು ಅವನು ಬೀದಿಗೆ ಕಾಲಿಟ್ಟರೆ ಸಾಕು, ಬೊಗಳುವ ಸದ್ದು ಅವನಿಗಿಂತ ಮುಂದೆ ಓಡುತ್ತಿತ್ತು. "ಕಾಗದ ಬಂತು ಅಂತ ನೀವು ಕೂಗೋದೇ ಬೇಡ, ನಾಯಿಗಳೇ ಸಾರಿ ಹೇಳ್ತಾವೆ" ಎಂದು ಅವನ ಹೆಂಡತಿ ನಗುತ್ತಿದ್ದಳು. ಪೋಸ್ಟಣ್ಣನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ನಾಯಿ ಸರಪಳಿ ಕಿತ್ತುಕೊಂಡು ಬಂದು ಅವನ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಗಾಯ ಮಾಯಿತು, ಹೆದರಿಕೆ ಮಾಯಲಿಲ್ಲ.

ಅವನು ಕಾಗದ ಹಂಚುವ ಬಡಾವಣೆಯ ನಡುವೆ ಒಂದು ಪಾರ್ಕಿತ್ತು. ಮೊದಲೆಲ್ಲ ಅಲ್ಲಿಗೆ ಜನ ನಾಯಿಗಳನ್ನು ಕರೆದುಕೊಂಡು ಬರುತ್ತಿದ್ದರು. ಕೆಲವರು ಬೆಲ್ಟು ಬಿಚ್ಚಿ ಬಿಟ್ಟು ತಾವು ಹರಟೆ ಹೊಡೆಯುತ್ತ ಕೂರುತ್ತಿದ್ದರು. ನಾಯಿ ಮಕ್ಕಳ ಹಿಂದೆ ಓಡುವುದು, ನಡೆಯುವ ದಾರಿಯಲ್ಲೇ ಹೊಲಸು ಮಾಡುವುದು ನಡೆದೇ ಇತ್ತು. ಮಾತಿಗೆ ಮಾತು ಬೆಳೆದು, ಕೊನೆಗೆ ಪಾರ್ಕಿನ ಸಮಿತಿಯವರು ಗೇಟಿಗೆ ಒಂದು ಬೋರ್ಡು ಹೊಡೆದರು: ನಾಯಿಗಳಿಗೆ ಪ್ರವೇಶವಿಲ್ಲ. ಅಲ್ಲಿಗೂ ಜಗಳ ನಿಲ್ಲಲಿಲ್ಲ. ನಾಯಿ ಸಾಕಿದವರು ಬೋರ್ಡು ತೆಗೆಯಿರಿ ಎಂದರು, ಉಳಿದವರು ಮುಟ್ಟಿದರೆ ನೋಡಿ ಎಂದರು. ಬರುವ ಭಾನುವಾರ ಎಲ್ಲರೂ ಪಾರ್ಕಿನಲ್ಲೇ ಸೇರಿ ಒಂದು ತೀರ್ಮಾನಕ್ಕೆ ಬರುವುದೆಂದಾಯಿತು.

ಸಮಿತಿಯ ಮುಖ್ಯಸ್ಥರು ಕನ್ನಡಕದಂಗಡಿಯ ಯಜಮಾನರು. ಅವರು ಪೋಸ್ಟಣ್ಣನನ್ನು ಅಂಗಡಿಯೊಳಗೆ ಕರೆದು ಕೂರಿಸಿದರು.

"ನೋಡಪ್ಪ, ಭಾನುವಾರ ನೀನು ಬರಲೇಬೇಕು. ಭಾಷಣ ಬೇಡ. ಪ್ಯಾಂಟು ಮೇಲೆತ್ತಿ ಆ ಗಾಯದ ಗುರುತು ತೋರಿಸು. ಆಮೇಲೆ ಯಾರು ಬಾಯಿ ಬಿಡ್ತಾರೋ ನಾನೂ ನೋಡ್ತೀನಿ."

"ಅಷ್ಟೇ ತಾನೇ ಯಜಮಾನ್ರೇ? ಖಂಡಿತ ಬರ್ತೀನಿ" ಎಂದ ಪೋಸ್ಟಣ್ಣ. ತನ್ನ ಕಾಲಿಗೂ ಒಂದು ಬೆಲೆ ಬಂತಲ್ಲ ಎಂದು ಅವನಿಗೆ ಒಳಗೊಳಗೇ ಖುಷಿಯೂ ಆಯಿತು.

ಆ ವಾರವೇ ಗಡಿಯಾರದಜ್ಜಿಯ ಹೆಸರಿಗೆ ಒಂದು ಪಾರ್ಸೆಲ್ ಬಂತು. ಅಜ್ಜಿಯ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರು ಹೋದ ಮೇಲೂ ಅಜ್ಜಿ ಆ ಕೆಲಸ ಬಿಟ್ಟಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ಕಂದು ಬಣ್ಣದ ನಾಯಿ, ಇಬ್ಬರೇ. ಕೂತಲ್ಲಿಗೇ ಊಟ ಬರಬೇಕು, ಸ್ವಲ್ಪ ತಡವಾದರೆ ಮುಖ ಊದಿಸಿಕೊಳ್ಳುತ್ತದೆ ಎಂದು ಅಜ್ಜಿ ಅದಕ್ಕೆ 'ಅಳಿಯ' ಎಂದೇ ಹೆಸರಿಟ್ಟಿದ್ದರು.

ಪೋಸ್ಟಣ್ಣ ಎಂದಿನಂತೆ ಗೇಟಿನ ಹೊರಗೇ ನಿಂತು ಬೆಲ್ ಬಾರಿಸಿದ. ಮೊದಲಾದರೆ ಅಜ್ಜಿ ಸರಸರ ನಡೆದು ಬಂದು ಸಹಿ ಹಾಕಿ ಒಯ್ಯುತ್ತಿದ್ದರು. ಈಗ ಬಾಗಿಲು ತೆರೆಯುವುದಕ್ಕೇ ತುಂಬ ಹೊತ್ತಾಯಿತು. ಗೋಡೆ ಹಿಡಿದುಕೊಂಡು ಬಂದ ಅಜ್ಜಿ, "ತಡಿಯಪ್ಪ, ಇವನನ್ನ ಕಟ್ಟಿ ಬರ್ತೀನಿ" ಎಂದು ಹಿಂದಕ್ಕೆ ತಿರುಗಿದರು. ಕಾಲು ತೊಡರಿತು. ಹೊಸ್ತಿಲ ಒಳಗೆ ಧೊಪ್ಪೆಂದು ಬಿದ್ದರು.

ಪೋಸ್ಟಣ್ಣ ಗೇಟು ತೆಗೆಯಲು ಕೈ ಹಾಕಿದ. ಅಷ್ಟರಲ್ಲಿ ಅಳಿಯ ಅಜ್ಜಿಯ ಪಕ್ಕ ಬಂದು ನಿಂತು ಗುರ್ ಎಂದ. ಪೋಸ್ಟಣ್ಣನ ಕೈ ಅಲ್ಲೇ ಕಲ್ಲಾಯಿತು.

"ಬಾಪ್ಪ, ಅವನೇನೂ ಮಾಡಲ್ಲ" ಎಂದರು ಅಜ್ಜಿ, ನೋವಿನಲ್ಲೇ.

ಅಂದು ತನ್ನನ್ನು ಕಚ್ಚಿದ ನಾಯಿಯ ಮನೆಯವರೂ ಇದೇ ಮಾತು ಹೇಳಿದ್ದರು! ಅವನು ಅಕ್ಕಪಕ್ಕ ನೋಡಿದ. ಎಲ್ಲರೂ ಕೆಲಸಕ್ಕೆ ಹೋಗಿ ಮನೆಗಳಿಗೆ ಬೀಗ ಬಿದ್ದಿತ್ತು. ಅಜ್ಜಿ ಮಣಿಕಟ್ಟು ಹಿಡಿದುಕೊಂಡು ನರಳುತ್ತಿದ್ದರು. ಬಿಟ್ಟು ಹೋಗುವ ಹಾಗಿಲ್ಲ, ಒಳಗೆ ಹೋಗಲು ಧೈರ್ಯವಿಲ್ಲ. ಕೊನೆಗೆ ನೆನಪಾದವಳು ನಾದಿನಿ. ಹೆಂಡತಿಯ ತಂಗಿ ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಳು. ಅವಳಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದ.

"ಭಾವ, ಮೊದಲು ಉಸಿರು ತಗೊಳ್ಳಿ" ಎಂದಳು ಅವಳು. "ಅದರ ಬಾಲ ಹೇಗಿದೆ?"

"ಬಾಲ ಕಟ್ಕೊಂಡು ನನಗೇನಮ್ಮ? ಕೆಳಗೆ ಸೇರಿಸ್ಕೊಂಡಿದೆ."

"ಹಾಗಾದ್ರೆ ಅದೂ ನಿಮ್ಮಷ್ಟೇ ಹೆದರಿದೆ. ಅಜ್ಜಿಗೆ ಹೇಳಿ, ಅದನ್ನ ಹತ್ರ ಕರೆದು ಕತ್ತಿನ ಪಟ್ಟಿ ಹಿಡ್ಕೊಳ್ಳಲಿ. ಆಮೇಲೆ ಗೇಟು ಮೆಲ್ಲಗೆ ತೆಗೀರಿ. ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ. ಕೈ ಬೀಸ್ಬೇಡಿ, ಕೂಗ್ಬೇಡಿ. ಏನೇ ಆದ್ರೂ ಓಡ್ಬೇಡಿ. ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತ್ಕೊಳ್ಳಿ. ಬೇಕಾದ್ರೆ ಅದು ಮೂಸಿ ನೋಡಲಿ."

"ಮೂಸಿ ರುಚಿ ಹಿಡಿದ್ರೆ?"

"ಭಾವ, ಅಕ್ಕನ ಅಡುಗೆ ತಿಂದು ಬೆಳೆದ ಮೈ ನಿಮ್ದು. ಅದಕ್ಕೆ ರುಚಿಸಲ್ಲ, ಹೋಗಿ."

ಅಜ್ಜಿ "ಅಳಿಯಾ, ಬಾರೋ" ಎಂದು ಕರೆದು ಚೆನ್ನಾಗಿರುವ ಕೈಯಲ್ಲಿ ಪಟ್ಟಿ ಹಿಡಿದುಕೊಂಡರು. ಪೋಸ್ಟಣ್ಣ ಒಳಗೆ ಬಂದ. ನೆಲ ನೋಡುತ್ತ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದ. ಒದ್ದೆ ಮೂಗು ಅವನ ಮೀನಖಂಡಕ್ಕೆ ತಾಗಿದಾಗ ಬೆನ್ನಲ್ಲಿ ಬೆವರು ಇಳಿಯಿತು. ಆದರೂ ಅಲುಗಾಡಲಿಲ್ಲ. ಅಳಿಯ ಮೂಸಿದ, ಸೀನಿದ, ಪಕ್ಕಕ್ಕೆ ಸರಿದು ಕೂತ. ಅಷ್ಟೇ.

ಅವನು ಅಜ್ಜಿಯನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ಬಾಡಿಗೆ ಕಾರು ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಉಳುಕಿತ್ತು. ಆದರೆ ಡಾಕ್ಟರು ಅಜ್ಜಿಯ ಕಾಲು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಮಂಡಿ ಆಪರೇಷನ್ ಆದ ಮೇಲೆ ದಿನಾ ನಡೀಬೇಕು ಅಂತ ಹೇಳಿದ್ದೆ. ನಡಿಗೆ ಬಿಟ್ಟಿದ್ದೀರಿ ಅಲ್ವಾ? ಕಾಲಲ್ಲಿ ಶಕ್ತಿಯೇ ಇಲ್ಲ. ಇವತ್ತು ಕೈ ಉಳುಕಿದೆ. ಹೀಗೇ ಆದ್ರೆ ನಾಳೆ ಸೊಂಟ ಮುರಿಯುತ್ತೆ."

ವಾಪಸು ಬರುವಾಗ ಪೋಸ್ಟಣ್ಣ ಕೇಳಿದ, "ಯಾಕಜ್ಜಿ ನಡೆಯೋದು ಬಿಟ್ರಿ?"

"ಪಾರ್ಕಿಗೆ ಅಳಿಯನ್ನ ಬಿಡಲ್ಲವಲ್ಲಪ್ಪ. ಒಳಗೆ ಕೂಡಿಹಾಕಿ ಹೊರಟ್ರೆ ಬೀದಿಗೆಲ್ಲ ಕೇಳೋ ಹಾಗೆ ಅಳ್ತಾನೆ. ದೊಡ್ಡ ರಸ್ತೆಗೆ ಹೋದ್ರೆ ಲಾರಿಗಳು. ಎರಡು ಸಲ ಒಬ್ಬಳೇ ಹೋಗಿ ನೋಡ್ದೆ. ಅವನು ಎಳೀತಾ ಇದ್ರೆ ಕಾಲು ತಾನಾಗೇ ಬರುತ್ತೆ. ಒಬ್ಬಳೇ ಆದ್ರೆ ಯಾರಿಗೋಸ್ಕರ ನಡೀಲಿ ಅನ್ಸುತ್ತೆ."

ಗೇಟಿನ ಆ ಬೋರ್ಡು ನಾಯಿಗಳನ್ನಷ್ಟೇ ಹೊರಗಿಟ್ಟಿದೆ ಎಂದು ಪೋಸ್ಟಣ್ಣ ಇಷ್ಟು ದಿನ ತಿಳಿದಿದ್ದ.

ಸಂಜೆ ನಾದಿನಿ ಮನೆಗೆ ಬಂದಳು. ಬರುತ್ತಲೇ, "ಅಕ್ಕಾ, ಇವತ್ತು ಒಬ್ಬ ಅಳಿಯ ಇನ್ನೊಬ್ಬ ಅಳಿಯನ್ನ ಕಂಡು ಬೆವತುಬಿಟ್ಟನಂತೆ" ಎಂದು ನಗಿಸಿದಳು. ಪೋಸ್ಟಣ್ಣನೂ ನಕ್ಕ. ಆದರೆ ಅವನ ಅನುಮಾನ ಹೋಗಿರಲಿಲ್ಲ.

"ಆ ಅಜ್ಜಿ ನಾಯಿ ಒಳ್ಳೇದು, ಒಪ್ಪಿದೆ. ಎಲ್ಲ ನಾಯಿನೂ ಹಾಗಿರುತ್ತಾ? ನನ್ನನ್ನ ಕಚ್ಚಿದ್ದು ಸುಳ್ಳಾ?"

"ಸುಳ್ಳಲ್ಲ ಭಾವ. ಆ ನಾಯಿನ ಅವರು ಹೇಗೆ ಇಟ್ಕೊಂಡಿದ್ರು?"

ಪೋಸ್ಟಣ್ಣ ನೆನಪು ಮಾಡಿಕೊಂಡ. "ಹಿತ್ತಲ ಓಣಿಯಲ್ಲಿ ಹಗಲೂ ರಾತ್ರಿ ಕಟ್ಟಿಹಾಕಿರೋರು. ಹೊರಗೆ ಕರ್ಕೊಂಡು ಹೋಗಿದ್ದು ನಾನು ನೋಡೇ ಇಲ್ಲ."

"ಮನುಷ್ಯರನ್ನೇ ಕಾಣದೆ ಬೆಳೆದ ನಾಯಿಗೆ ಮನುಷ್ಯರು ಅಂದ್ರೆ ಭಯ. ಭಯ ಆದಾಗ್ಲೇ ಹೆಚ್ಚಾಗಿ ಬಾಯಿ ಹಾಕೋದು. ಮರಿಯಿಂದಲೇ ಜನರ ಮಧ್ಯೆ, ಮಕ್ಕಳ ಸದ್ದಿನ ಮಧ್ಯೆ ಓಡಾಡಿದ್ರೆ ಅದು ಹದಕ್ಕೆ ಬರುತ್ತೆ. ನಾವು ಎಲ್ಲ ಬಾಗಿಲೂ ಹಾಕಿಬಿಟ್ರೆ ಅದು ಕಲಿಯೋದು ಎಲ್ಲಿ?"

"ಅದು ಕಲಿಯೋವರೆಗೂ ನನ್ನ ಕಾಲು ಕೊಡ್ಲಾ?" ಎಂದ ಪೋಸ್ಟಣ್ಣ.

"ಬೇಡ. ಅದಕ್ಕೇ ಕಟ್ಟುಪಾಡು ಬೇಕು. ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿರಬೇಕು. ಬೆಲ್ಟು ಕೈಯಲ್ಲೇ ಇರಬೇಕು, ಅದೂ ನಾಯಿನ ಹಿಡಿಯೋ ಶಕ್ತಿ ಇರೋರ ಕೈಯಲ್ಲಿ. ಹೊಲಸು ಮಾಡಿದ್ರೆ ಸಾಕಿದವರೇ ಎತ್ತಬೇಕು. ಸಿಡುಕಿನ ನಾಯಿ ಆದ್ರೆ ಬಾಯಿಗೆ ಕುಕ್ಕೆ ಹಾಕಬೇಕು. ಇದ್ಯಾವುದೂ ಮಾಡದೆ 'ಅವನೇನೂ ಮಾಡಲ್ಲ' ಅನ್ನೋರಿಂದ್ಲೇ ನಾಯಿಗಳಿಗೆ ಕೆಟ್ಟ ಹೆಸರು. ಹೆದರೋರ ಹೆದರಿಕೆಗೂ ಮರ್ಯಾದೆ ಕೊಡಬೇಕು ಭಾವ. ಪಾರ್ಕು ಅವರದ್ದೂ ಹೌದು."

ಭಾನುವಾರ ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ಕಡೆಯವರೂ ಗಂಟಲು ಹರಿದುಕೊಂಡ ಮೇಲೆ ಕನ್ನಡಕದಂಗಡಿಯ ಯಜಮಾನರು, "ಈಗ ನಮ್ಮ ಪೋಸ್ಟಣ್ಣ ಬರಲಿ" ಎಂದರು. ಪೋಸ್ಟಣ್ಣ ಎದ್ದುನಿಂತು ಪ್ಯಾಂಟು ಮೇಲೆತ್ತಿದ. ಮುಂದೆ ಕೂತವರು ಅಯ್ಯೋ ಎಂದರು.

"ಇದು ನಾಯಿ ಕಚ್ಚಿದ್ದೇ. ನನಗೆ ಈಗಲೂ ನಾಯಿ ಕಂಡ್ರೆ ಭಯ" ಎಂದ ಅವನು. "ಆದ್ರೆ ನನ್ನನ್ನ ಕಚ್ಚಿದ್ದು ಪಾರ್ಕಿಗೆ ಬಂದ ನಾಯಿ ಅಲ್ಲ. ಯಾವತ್ತೂ ಹೊರಗೇ ಬರದೇ ಇದ್ದ ನಾಯಿ."

ಗಡಿಯಾರದಜ್ಜಿ ಬಿದ್ದದ್ದನ್ನು, ಡಾಕ್ಟರು ಹೇಳಿದ್ದನ್ನು ಹೇಳಿದ. ನಾದಿನಿ ಹೇಳಿದ ಕಟ್ಟುಪಾಡುಗಳನ್ನೂ ಬಿಡದೆ ಹೇಳಿದ. ಕೂಸನ್ನು ಎತ್ತಿಕೊಂಡಿದ್ದ ತಾಯಿಯೊಬ್ಬಳು ಎದ್ದಳು.

"ನನ್ನ ಮಗು ಹುಲ್ಲಿನ ಮೇಲೆ ತೆವಳುತ್ತೆ. ಅಲ್ಲಿ ನಾಯಿ ಹೊಲಸಿದ್ರೆ ಏನು ಮಾಡ್ಲಿ ಅಣ್ಣ?"

"ನಿಮ್ಮ ಮಾತು ನ್ಯಾಯ ಕಣಮ್ಮ. ಮಕ್ಕಳಾಡೋ ಜಾಗಕ್ಕೆ ಬೇಲಿ ಹಾಕೋಣ, ಅಲ್ಲಿಗೆ ನಾಯಿ ಬೇಡ. ಉಳಿದ ಜಾಗಕ್ಕೆ ಬೆಳಿಗ್ಗೆ ಮಾತ್ರ ಬರಲಿ. ಮಾತಿಗೆ ತಪ್ಪಿದವರನ್ನ ವಾಪಸ್ ಕಳಿಸೋಣ."

"ಅದನ್ನೆಲ್ಲ ನೋಡ್ಕೊಳ್ಳೋರು ಯಾರಪ್ಪ?" ಎಂದರು ಯಜಮಾನರು, ಬೇಸರದಿಂದ.

"ಕೆಲಸಕ್ಕೆ ಹೋಗೋ ಮುಂಚೆ ನಾನೇ ಗೇಟಲ್ಲಿ ನಿಂತ್ಕೋತೀನಿ. ಈ ಬಡಾವಣೆಯಲ್ಲಿ ನಾಯಿಗೆ ನನಗಿಂತ ಹೆದರೋರು ಇಲ್ಲ. ಬೆಲ್ಟಿಲ್ಲದ ನಾಯಿ ನನ್ನ ಕಣ್ಣು ತಪ್ಪಿಸಿ ಒಳಗೆ ಹೋಗೋಕಾಗುತ್ತಾ?"

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕ ಮೇಲೆ ಜಗಳಕ್ಕೆ ಮೊದಲಿನ ಕಾವು ಉಳಿಯಲಿಲ್ಲ. ಮೂರು ತಿಂಗಳು ಹೀಗೆ ನಡೆಸಿ ನೋಡೋಣ ಎಂದಾಯಿತು. ಕೂಸಿನ ತಾಯಿಯೂ ಕೈ ಎತ್ತಿದಳು. ಯಜಮಾನರು ಎಲ್ಲರಿಗಿಂತ ಕೊನೆಗೆ ಎತ್ತಿದರು, ಅರ್ಧ.

ನಾದಿನಿ ಒಂದು ದಿನ ಪಾರ್ಕಿನಲ್ಲೇ ಕೂತು ಎಲ್ಲ ನಾಯಿಗಳಿಗೂ ಲಸಿಕೆ ಹಾಕಿದಳು. ಮೊದಮೊದಲು ತಕರಾರುಗಳಾದವು. ಹೊಲಸು ಎತ್ತದೆ ಜಾರಿಕೊಳ್ಳುತ್ತಿದ್ದ ಒಬ್ಬರನ್ನು ನಾಯಿ ಸಾಕಿದವರೇ ತಡೆದು ನಿಲ್ಲಿಸಿದರು. ಒಬ್ಬರ ತಪ್ಪಿಗೆ ಎಲ್ಲರ ಬಾಗಿಲು ಮುಚ್ಚುತ್ತದೆಂದು ಅವರಿಗೆ ಗೊತ್ತಾಗಿತ್ತು. ಹಾಗೆ ನೋಡಿದರೆ ಪಾರ್ಕು ಮೊದಲಿಗಿಂತ ಚೊಕ್ಕಟವಾಯಿತು. ಮೂರು ತಿಂಗಳು ಕಳೆದದ್ದು ಯಾರಿಗೂ ನೆನಪಾಗಲಿಲ್ಲ. ಯಜಮಾನರಿಗೂ ಇಲ್ಲ.

ಪೋಸ್ಟಣ್ಣ ನಾಯಿಪ್ರಿಯನೇನೂ ಆಗಲಿಲ್ಲ. ದೊಡ್ಡ ನಾಯಿ ಬಂದರೆ ಈಗಲೂ ಬೆಂಚಿನ ಆ ಕಡೆಗೆ ಸರಿಯುತ್ತಾನೆ. ಆದರೆ ಕೈ ವಾಸಿಯಾದ ಮೇಲೆ ಕೋಲೂರಿ ಬರುತ್ತಿದ್ದ ಗಡಿಯಾರದಜ್ಜಿ ಒಂದು ಬೆಳಿಗ್ಗೆ ಕೋಲಿಲ್ಲದೆ ಪಾರ್ಕು ಪೂರ್ತಿ ಸುತ್ತಿ ಬಂದರು. ಅಳಿಯ ಮುಂದೆ, ಅಜ್ಜಿ ಹಿಂದೆ. ಕೂಸಿನ ತಾಯಿ ಬೇಲಿಯ ಒಳಗಿನಿಂದಲೇ ಮಗುವಿಗೆ ಅವರನ್ನು ತೋರಿಸುತ್ತಿದ್ದಳು. ಅಜ್ಜಿ ಬೆಂಚಿನ ಮೇಲೆ ಕೂತು ಪೋಸ್ಟಣ್ಣನಿಗೆ, "ಇವತ್ತು ಅವನಿಗೇ ಸುಸ್ತಾಯ್ತು ಕಣೋ, ನನಗಲ್ಲ" ಎಂದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಹಾಗಿದ್ದರೆ ಅದಕ್ಕೆ ಲಸಿಕೆ ಹಾಕಿಸಿ, ಬೆಲ್ಟು ಹಿಡಿದೇ ಹೊರಗೆ ಕರೆತನ್ನಿ, ಹೊಲಸನ್ನು ನಾಚಿಕೆಪಡದೆ ಎತ್ತಿ. ನಿಮಗೆ ನಾಯಿಯೆಂದರೆ ಭಯವೇ? ಅದರಲ್ಲಿ ತಪ್ಪಿಲ್ಲ, ಬಾಯಿಬಿಟ್ಟು ಹೇಳಿ. ಮಲಗಿರುವ, ತಿನ್ನುತ್ತಿರುವ, ಮರಿ ಹಾಕಿರುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಿ. ಒಂದು ವೇಳೆ ನಾಯಿ ಕಚ್ಚಿದರೆ, ಪರಚಿದರೆ, ಗಾಯ ಸಣ್ಣದೆಂದು ಸುಮ್ಮನಿರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಮನೆಮದ್ದು ಹಚ್ಚದೆ ತಕ್ಷಣ ಆಸ್ಪತ್ರೆಗೆ ಹೋಗಿ, ಡಾಕ್ಟರು ಹೇಳಿದ ಎಲ್ಲ ಇಂಜೆಕ್ಷನ್ನೂ ಹಾಕಿಸಿಕೊಳ್ಳಿ.

ನಿಮ್ಮ ಬೀದಿಯಲ್ಲೂ ಈ ಜಗಳ ಇದ್ದರೆ, ಈ ಭಾನುವಾರ ಎರಡು ಕಡೆಯವರನ್ನೂ ಒಂದೇ ಬೆಂಚಿಗೆ ಕರೆಯಿರಿ. ಮೊದಲು ಹೆದರುವವರ ಮಾತು ಕೇಳಿ.