ಲೈನ್ ಕ್ಲಿಯರ್

"ಮೇಡಂ, ನಿಮ್ಮ ಯಜಮಾನ್ರು ಕಂಬದ ಮೇಲೇ ಮನೆ ಕಟ್ಕೊಂಡ್ರಾ ಹೇಗೆ? ನನ್ನ ಐಸೆಲ್ಲ ನೀರಾಗಿ ಚರಂಡಿಗೆ ಹೋಗ್ತಿದೆ!"

ಐಸ್ ಫ್ಯಾಕ್ಟರಿಯವನು. ಆಪರೇಟರ್ ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. "ಕೆಲಸ ಮುಗಿದ ಮೇಲೆ ಬರತ್ತೆ" ಎಂದು ಇಟ್ಟಳು. ಇಟ್ಟ ಕೈ ತೆಗೆಯುವ ಮೊದಲೇ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಅತ್ತೆ.

"ನನ್ನ ಮಗನ ಮನೆ ಕತ್ತಲೆ ಮಾಡಿ ಹೋದೆ. ಸಾಲ್ದು ಅಂತ ಈಗ ಊರಿಗೇ ಶುರುಮಾಡಿದ್ಯೇನೇ?"

ಅದನ್ನೂ ಇಟ್ಟಳು.

ಸಬ್‌ಸ್ಟೇಷನ್ನಿನ ಆ ಕೋಣೆಯಲ್ಲಿ ಬ್ಯಾಟರಿಯ ಹುಳಿವಾಸನೆ. ಗೋಡೆಯುದ್ದಕ್ಕೆ ಕಬ್ಬಿಣದ ಪ್ಯಾನೆಲ್‌ಗಳು, ಪ್ರತಿಯೊಂದರಲ್ಲೂ ಗಾಜಿನ ಹಿಂದೆ ಒಂದು ರಿಲೇ, ಕೆಳಗೆ ಬ್ರೇಕರಿನ ಹಿಡಿ. ಮೂರನೆಯ ಹಿಡಿಗೆ ಬೆಳಿಗ್ಗೆ ಅವಳೇ ತೂಗುಹಾಕಿದ ಕೆಂಪು ಹಲಗೆ: ಮುಟ್ಟಬೇಡಿ, ಜನ ಕೆಲಸದಲ್ಲಿದ್ದಾರೆ. ಕರೆಂಟು ನಿಂತಿದೆ, ಹತ್ತಬಹುದು ಎಂಬ ಲೈನ್ ಕ್ಲಿಯರ್ ಪಡೆದು ಕಂಬ ಹತ್ತಿದವನೇ ಅದನ್ನು ವಾಪಸ್ ಕೊಡಬೇಕು. "ಕೆಲಸ ಮುಗಿದಿದೆ, ಜನರೆಲ್ಲ ಇಳಿದಿದ್ದಾರೆ, ಚಾರ್ಜ್ ಮಾಡಬಹುದು" ಎಂದು ಅವನ ಬಾಯಿಂದಲೇ ಬರಬೇಕು. ಅಲ್ಲಿಯವರೆಗೆ ಹಲಗೆ ಇಳಿಯುವಂತಿಲ್ಲ, ಕರೆಂಟು ಬಿಡುವಂತಿಲ್ಲ.

ಇವತ್ತು ಹತ್ತಿದವನು ಅವಳ ಗಂಡ. ಲೈನ್‌ಮನ್. ಬೇರೆಯಾಗಿ ವರ್ಷವಾಗುತ್ತ ಬಂದಿತ್ತು. ಬೆಳಿಗ್ಗೆ ಫೋನಿನಲ್ಲಿ ಲೈನ್ ಕ್ಲಿಯರ್ ಕೇಳುವಾಗ ತನ್ನ ಹುಡುಗರಿಗೆಲ್ಲ ಕೇಳುವಂತೆ ಹೇಳಿದ್ದ: "ನಿಜವಾಗ್ಲೂ ಬಂದ್ ಮಾಡಿದ್ದೀರಾ ಮೇಡಂ? ನಮ್ಮ ಪ್ರಾಣ ನಿಮ್ಮ ಕೈಲಿದೆ. ನಿಮ್ಮ ಕೈ ಎಂಥದ್ದು ಅಂತ ನಂಗೆ ಗೊತ್ತು." ಹಿಂದೆ ಯಾರೋ ನಕ್ಕಿದ್ದರು.

ಮಗಳು ಯಾರ ಹತ್ತಿರ ಇರಬೇಕೆಂಬುದು ಸೋಮವಾರ ಕೋರ್ಟಿನಲ್ಲಿ ತೀರ್ಮಾನವಾಗಲಿತ್ತು. ಸಿಟ್ಟು ಬಂದರೆ ಇವಳ ಕೈಗೆ ಹಿಡಿತವಿಲ್ಲ, ಮಗುವನ್ನು ನಂಬಿ ಬಿಡುವಂತಿಲ್ಲ ಎಂಬುದು ಅವನ ವಕೀಲನ ವಾದ. ಸಾಕ್ಷಿ ಮಾತ್ರ ಇರಲಿಲ್ಲ.

ಇಂಜಿನಿಯರ್ ಸ್ಕೂಟರ್ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ.

"ಏನಮ್ಮ, ಇನ್ನೂ ಚಾರ್ಜ್ ಮಾಡಿಲ್ವಾ?"

"ಲೈನ್ ಕ್ಲಿಯರ್ ವಾಪಸ್ ಬಂದಿಲ್ಲ ಸರ್."

"ಈಗಷ್ಟೇ ಆ ದಾರಿಯಲ್ಲೇ ಬಂದೆ. ಕಂಬದ ಮೇಲೆ ಒಂದು ಕಾಗೆಯೂ ಇಲ್ಲ. ನಿನ್ನ ಗಂಡ ಕೆಳಗೆ ನೆರಳಲ್ಲಿ ಕೂತು ಚಹಾ ಹೀರ್ತಿದ್ದಾನೆ."

"ಫೋನ್ ಮಾಡಕ್ಕೆ ಹೇಳ್ಬೇಕಿತ್ತು ಸರ್."

"ಹೇಳ್ದೆ. 'ಅವಳಿಗೆ ಗೊತ್ತಿರತ್ತೆ ಬಿಡಿ' ಅಂದ. ಗಂಡ ಹೆಂಡಿರ ಜಗಳದಲ್ಲಿ ಊರು ಬಡವಾಯ್ತು." ತನ್ನ ಮಾತಿಗೆ ತಾನೇ ನಕ್ಕ. ಗಾದೆಯಲ್ಲಿ ಬಡವಾಗುವುದು ಕೂಸು. ಅವಳು ನಗಲಿಲ್ಲ.

"ನಾನು ಹೇಳ್ತಿದ್ದೀನಲ್ಲ, ಚಾರ್ಜ್ ಮಾಡು."

ಅವಳು ಕುರ್ಚಿಯಿಂದೆದ್ದು ಮೂರನೆಯ ಪ್ಯಾನೆಲ್ಲಿನ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತಳು. "ನೀವೇ ತಿರುಗಿಸಿ ಸರ್."

ಇಂಜಿನಿಯರ್ ಹಿಡಿಯ ಹತ್ತಿರ ಹೋದ. ಹಲಗೆಯನ್ನು ಬೆರಳ ತುದಿಯಿಂದ ಆಚೆ ಸರಿಸಿದ. ಅದು ತೂಗಿ ಮತ್ತೆ ಅಲ್ಲಿಗೇ ಬಂತು. ಕೈ ಹಿಂದಕ್ಕೆಳೆದು ಪ್ಯಾಂಟಿಗೆ ಒರೆಸಿಕೊಂಡ.

"ಕೊಬ್ಬು" ಎಂದ, ಅವಳ ಕಡೆ ನೋಡದೆ. ಸ್ಟೇಷನ್ ಫೋನಿನ ಸ್ಪೀಕರ್ ಒತ್ತಿ ನಂಬರ್ ಹಚ್ಚಿದ.

"ಏನಯ್ಯಾ, ಕೆಲಸ ಮುಗೀತೋ ಇಲ್ವೋ?"

"ಮುಗಿದಂಗೇ ಸರ್."

"ಮುಗಿದಂಗೇ ಅಂದ್ರೆ?"

"ಅವಳಿಗೆಲ್ಲ ಗೊತ್ತು ಸರ್. ಬೇಕಂತ ಸತಾಯಿಸ್ತಿದ್ದಾಳೆ."

ಇಂಜಿನಿಯರ್ ಕೇಳಿಸಿತಾ ಎಂಬಂತೆ ಹುಬ್ಬು ಹಾರಿಸಿದ. ಅವಳು ಮೇಜಿನ ಮೇಲೆ ಬಾಗಿದಳು.

"ಅರ್ತಿಂಗ್ ಸರಪಳಿ ತೆಗೆದಿದ್ದೀರಾ?"

ಆ ಕಡೆ ಮಾತು ನಿಂತಿತು.

ಆ ಮೌನ ಅವಳಿಗೆ ಹೊಸದಲ್ಲ. ಮನೆಯಲ್ಲಿ ದಿನಗಟ್ಟಲೆ ಹಾಗೇ ಇರುತ್ತಿದ್ದ. ಕೇಳಿದ್ದಕ್ಕೆ ಉತ್ತರವಿಲ್ಲ, ಇಟ್ಟ ತಟ್ಟೆಯನ್ನು ಮುಟ್ಟುವುದಿಲ್ಲ. ಕೊನೆಗೊಮ್ಮೆ ಅವಳ ದನಿ ಏರುತ್ತಿದ್ದಂತೆ ನಿಧಾನವಾಗಿ ಎದ್ದು ಹೋಗಿ ನೆರೆಯವರಿಗೆ ಕೇಳಲೆಂದು ಬೀದಿ ಕಡೆಯ ಕಿಟಕಿ ತೆರೆಯುತ್ತಿದ್ದ.

ಕೆಲಸಕ್ಕೆ ಹತ್ತುವ ಮೊದಲು ತಂತಿಗಳಿಗೆ ಸರಪಳಿ ಸಿಕ್ಕಿಸಿ ನೆಲಕ್ಕೆ ಜೋಡಿಸುವುದು ಹತ್ತಿದವನನ್ನು ಕಾಯುವುದಕ್ಕೆ. ಅದು ಇರುವಾಗ ಯಾರಾದರೂ ಕರೆಂಟು ಬಿಟ್ಟರೆ ಅದು ನೆಲಕ್ಕೆ ಇಳಿಯುತ್ತದೆ, ರಿಲೇಗೆ ತಿಳಿಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬ್ರೇಕರ್ ಬಿದ್ದು ಕರೆಂಟು ಕಡಿದುಹೋಗುತ್ತದೆ. ನೆರಳಲ್ಲಿ ಚಹಾ ಕುಡಿಯುತ್ತಿರುವವನಿಗೆ ಏನೂ ಆಗುವುದಿಲ್ಲ. ಊರಿಗೆಲ್ಲ ಕೇಳುವಂತೆ ಒಂದು ಸ್ಫೋಟ, ಅಷ್ಟೆ. ಆಮೇಲೆ ಸೋಮವಾರ ಕೋರ್ಟಿನಲ್ಲಿ ಒಂದು ಮಾತು: ಗಂಡ ಲೈನ್ ಕ್ಲಿಯರ್ ವಾಪಸ್ ಕೊಡುವ ಮೊದಲೇ ಕರೆಂಟು ಬಿಟ್ಟಳು.

"ತೆಗೆದಿದ್ದೀರಾ?" ಮತ್ತೆ ಕೇಳಿದಳು. ದನಿ ಏರಿಸಲಿಲ್ಲ.

ಸ್ಪೀಕರಿನಲ್ಲಿ ಗಾಜಿನ ಲೋಟ ಕೆಳಗಿಟ್ಟ ಸದ್ದು. ಪಿಸುಮಾತು. ದೂರದಿಂದ ಅವನ ಹುಡುಗರಲ್ಲೊಬ್ಬನ ದನಿ ಕೂಗಿ ಹೇಳಿತು: "ಆ ಕಡೆ ಕಂಬದ ಸರಪಳಿ ಇರ್ಲಿ ಬಿಡು ಅಂದೋನು ನೀನೇ ಅಲ್ವಾ ಅಣ್ಣ? ಈಗ ತೆಗಿ ಅಂತೀಯಲ್ಲ!"

ಇಂಜಿನಿಯರ್ ತಲೆ ತಗ್ಗಿಸಿ ಕೈಯಲ್ಲಿದ್ದ ಸ್ಕೂಟರ್ ಬೀಗದ ಕೈಯನ್ನೇ ನೋಡುತ್ತ ನಿಂತ. ಸ್ವಲ್ಪ ಹೊತ್ತಿನ ಮೇಲೆ ಕಬ್ಬಿಣದ ಕೊಂಡಿಗಳು ಕಲ್ಲಿನ ಮೇಲೆ ಝಲ್ಲೆಂದು ಬಿದ್ದವು.

"ತೆಗೆದಿದೆ" ಎಂದ ಗಂಡ.

"ಪೂರ್ತಿ ಹೇಳಿ."

ಹೇಳಿದ. ಕೆಲಸ ಮುಗಿದಿದೆ, ಜನರೆಲ್ಲ ಇಳಿದಿದ್ದಾರೆ, ಚಾರ್ಜ್ ಮಾಡಬಹುದು. ಒಂದೊಂದು ಪದವನ್ನೂ ಜಗಿದು ಉಗಿದಂತೆ.

ಅವಳು ಹಲಗೆ ತೆಗೆದು ಹಿಡಿ ತಿರುಗಿಸಿದಳು. ಹೊರಗೆ ಅಂಗಳದಲ್ಲಿ ಬ್ರೇಕರ್ ಧಡ್ ಎಂದಿತು. ಮೀಟರಿನ ಮುಳ್ಳು ಎದ್ದು, ನಡುಗಿ, ನಿಂತಿತು. ಇಂಜಿನಿಯರ್ ಹೊರಗೆ ಹೋಗಿ, ಕಿಟಕಿಯಾಚೆ ಸ್ಕೂಟರಿಗೆ ಒರಗಿ ಸಿಗರೇಟು ಹಚ್ಚಿದ.

ಫೋನಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಗಂಡ ಫೋನ್ ಇಟ್ಟಿರಲಿಲ್ಲ. ಅವಳೂ ಇಡಲಿಲ್ಲ. ಹಲಗೆಯ ಧೂಳನ್ನು ಸೆರಗಿನಿಂದ ಒರೆಸುತ್ತ ಕುಳಿತಳು.

"ಹಲೋ" ಎಂದ. "ಇದ್ದೀಯಾ?"

ಅವಳು ಹಲಗೆಯ ಇನ್ನೊಂದು ಬದಿ ತಿರುಗಿಸಿದಳು.

"ಏಯ್, ಕೇಳಿಸ್ತಿಲ್ವಾ? ದೊಡ್ಡ ಬುದ್ಧಿವಂತೆ ಅಂದ್ಕೊಂಡಿದ್ದೀಯಾ? ಸೋಮವಾರ ಬಾ, ತೋರಿಸ್ತೀನಿ. ಮಾತಾಡೇ! ಬಾಯಿ ಬಿದ್ದೋಯ್ತಾ ನಿಂಗೆ?"

ಸ್ಪೀಕರ್ ಬಿರಿಯುವಂತೆ ದನಿ ಏರುತ್ತಲೇ ಹೋಯಿತು. ಅವಳು ಹಲಗೆಯನ್ನು ಮೇಜಿನ ಮೇಲಿಟ್ಟು, ನಿಧಾನವಾಗಿ ಎದ್ದು ಹೋಗಿ, ಅಂಗಳದ ಕಡೆಯ ಕಿಟಕಿಯನ್ನು ತೆರೆದಳು.