ಹೊರಗ ಹೋಗಾಕ ಒಂದು ಜಾಗಾ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಇನ್ನೂ ಠರಾವು ಆಗಿಲ್ಲ.

ಒಂದು ಊರಿನ ಪುರಸಭೆ ತನ್ನ ಅವಧಿಯ ಗುರಿ ಮತ್ತು ಆದ್ಯತೆಗಳನ್ನು ಗೊತ್ತುಮಾಡಲು ಸಭೆ ಸೇರಿತು ಎಂದು ಶುರು ಮಾಡಿದರೆ ನೀವು ಪುಟ ತಿರುವುತ್ತೀರಿ. ಒಬ್ಬ ಮುದುಕಿಗೆ ನೀರಡಿಕೆಯಾಗಿತ್ತು, ಪಕ್ಕದಲ್ಲೇ ನೀರಿತ್ತು, ಆದರೂ ಕುಡಿಯಲಿಲ್ಲ ಎಂದು ಶುರು ಮಾಡಿದರೆ ಯಾವುದೋ ವ್ರತದ ಕತೆ ಅಂದುಕೊಳ್ಳುತ್ತೀರಿ. ಎರಡೂ ಒಂದೇ ಕತೆ. ನನ್ನ ತೊಂದರೆಯೇ ಅದು.

(ಊರು ಯಾವುದು? ನಾನೇ ಕಟ್ಟಿಕೊಂಡದ್ದು. ಇಂಡಿಯವರು ಇದು ಸಿಂದಗಿ ಕಡೆಯದು ಎಂದು ನಗಲಿ, ಸಿಂದಗಿಯವರು ಮುದ್ದೇಬಿಹಾಳದತ್ತ ಬೆರಳು ಮಾಡಲಿ, ಅವರು ಬಸವನ ಬಾಗೇವಾಡಿಯತ್ತ, ಬಾಗೇವಾಡಿಯವರು ಮರಳಿ ಇಂಡಿಯತ್ತ. ನಾಲ್ಕೂ ಬೆರಳು ಸುತ್ತಿ ಬಂದಮೇಲೆ ನಡುವೆ ಖಾಲಿ ಉಳಿಯುತ್ತದಲ್ಲ, ಆ ಊರು.)

ಇನ್ನೊಂದು ಮಾತು. ನಮ್ಮ ಕಡೆ ಕತೆ ಹೇಳುವವನ ಎದುರು ‘ಹೂಂ’ ಅನ್ನುವವರು ಒಬ್ಬರು ಬೇಕು. ಹೂಂ ನಿಂತರೆ ಕೇಳುವವರು ಮಲಗಿದರೆಂದು ಕತೆಯೂ ನಿಲ್ಲುತ್ತದೆ. ಹೂಂ ಅಂದರೆ ‘ಒಪ್ಪಿದೆ’ ಎಂದಲ್ಲ, ‘ಎಚ್ಚರ ಇದ್ದೇನೆ’ ಎಂದಷ್ಟೇ. ಈ ವ್ಯತ್ಯಾಸ ನಿಮಗೆ ನೆನಪಿರಲಿ. ಪುರಸಭೆಗೆ ಇರಲಿಲ್ಲ.

೨ (ಹರಿದು ಹಾಕಿದ್ದು)

ಮೊದಲ ಡ್ರಾಫ್ಟಿನಲ್ಲಿ ಅಧ್ಯಕ್ಷ ಬಸಂತರಾಯ ಖಳನಾಯಕನಾಗಿದ್ದ. ದಪ್ಪ ಮೀಸೆ ಕೊಟ್ಟಿದ್ದೆ. ಆದರೆ ಆತ ಖಳನಾಗುವಷ್ಟು ಕೆಟ್ಟವನೂ ಅಲ್ಲ, ಅಷ್ಟು ಚುರುಕೂ ಅಲ್ಲ. ಯಾರಿಗೂ ಇಲ್ಲ ಅನ್ನದ ಮನುಷ್ಯ. ಸಭೆಯಲ್ಲಿ ವಿಷಯ ಓದಿ ಮುಗಿಸಿದ ಮೇಲೆ ಕತ್ತು ಸುತ್ತ ತಿರುಗಿಸಿ “ಹೂಂ?” ಎಂದು ಕೇಳುತ್ತಾನೆ. ಬಂದ ಸದ್ದನ್ನೆಲ್ಲ ಒಪ್ಪಿಗೆ ಎಂದು ತೆಗೆದುಕೊಳ್ಳುತ್ತಾನೆ. ಒಮ್ಮೆ ಒಬ್ಬ ಸದಸ್ಯ ಕೆಮ್ಮಿದ್ದಕ್ಕೆ ಒಂದು ಗಟಾರು ಮಂಜೂರಾಗಿತ್ತು.

ಮೀಸೆ ತೆಗೆದೆ.

೨ (ಇದೇ ಇರಲಿ)

ಮೆಹರುನ್ನಿಸಾ ಸಂತೆಯ ವಾರ್ಡಿನಿಂದ ಆರಿಸಿ ಬಂದ ಪುರಸಭೆ ಸದಸ್ಯೆ. ಆಕೆಯ ಅತ್ತೆ ರೋಷನಬಿ ಅದೇ ಸಂತೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಲಿಂಬೆಹಣ್ಣು ಮಾರುವವಳು. (ಲಿಂಬೆ ಅಂದಕೂಡಲೇ ಲಿಂಬೆಗೆ ಹೆಸರಾದ ಇಂಡಿಯೇ ಈ ಊರು ಅನ್ನಬೇಡಿ. ಲಿಂಬೆಹಣ್ಣು ಬಸ್ಸು ಹತ್ತುತ್ತದೆ.) ಸೊಸೆ ಮೆಂಬರಾದ ಮೇಲೂ ಮುದುಕಿ ತಟ್ಟು ಬಿಡಲಿಲ್ಲ. ಮುಂಜಾನೆ ಮನೆಯಿಂದ ಹೊರಟವಳು ಸಂಜೆ ಮರಳುವ ತನಕ ಒಂದು ಗುಟುಕು ನೀರು ಮುಟ್ಟುವುದಿಲ್ಲ. ಸಂತೆಯ ಯಾವ ಹೆಂಗಸೂ ಮುಟ್ಟುವುದಿಲ್ಲ. ಮೊದಲು ಹಿಂದುಗಡೆ ಜಾಲಿಕಂಟಿಗಳಿದ್ದವು. ಅವನ್ನು ಕಡಿದು ವ್ಯಾಪಾರಿ ಮಳಿಗೆ ಎದ್ದ ಮೇಲೆ ಮರೆ ಅನ್ನುವುದೇ ಉಳಿಯಲಿಲ್ಲ. ಗಂಡಸರಿಗೆ ಮಳಿಗೆಯ ಗೋಡೆ ಇದೆ. ಅದರ ಮೇಲೆ ‘ಇಲ್ಲಿ —— ಮಾಡಬಾರದು’ ಎಂದು ಬರೆದಿದೆ. ನಡುವಿನ ಶಬ್ದ ತೊಯ್ದು ತೊಯ್ದು ಅಳಿಸಿಹೋಗಿದೆ.

ಗುರಿಯ ಸಭೆ ಇದ್ದ ವಾರವೇ ರೋಷನಬಿಗೆ ಜ್ವರ ಬಂತು. ದವಾಖಾನೆಯಿಂದ ಬಂದವಳನ್ನು ಸೊಸೆ ಕೇಳಿದಳು.

“ಡಾಕ್ಟರ್ ಏನಂದ್ರು ಅತ್ತಿ?”

“ನೀರು ಕುಡೀ ಅಂದ. ಕುಡೀಲಾರ್ದಕ್ಕ ಉರಿ ಹತ್ತೈತಿ, ಹಿಂಗ ಬಿಟ್ರ ಕಿಡ್ನಿ ಹೋಗ್ತಾವು ಅಂದ.”

“ಮತ್ತ ಕುಡೀರಿ.”

“ಕುಡದು ಎಲ್ಲಿ ಹೋಗ್ಲಿ? ನಿಮ್ಮ ಅಧ್ಯಕ್ಷನ ಖುರ್ಚಿಗೆ?”

ಮೆಹರುನ್ನಿಸಾ ಔಷಧದ ಚೀಟಿ ಮಡಚಿಟ್ಟಳು.

“ಓಟು ಕೇಳಾಕ ಬಾಯಿ ಇತ್ತಲ್ಲ ಮೆಹರೂ,” ಎಂದಳು ಅತ್ತೆ ಗೋಡೆ ಕಡೆ ಮಗ್ಗಲಾಗುತ್ತ, “ಇದನ್ನ ಕೇಳಾಕ ಹಲ್ಲು ನೋಯ್ತಾವೇನು?”

“ಹೂಂ,” ಎಂದಳು ಸೊಸೆ. ಎಚ್ಚರ ಇದ್ದೇನೆ ಎಂಬರ್ಥದಲ್ಲಿ.

೩

ಗುರಿ ಗೊತ್ತುಮಾಡುವ ಕಾರ್ಯಾಗಾರಕ್ಕೆ ಬೆಂಗಳೂರಿನಿಂದ ಒಬ್ಬ ತರಬೇತುದಾರ ಬಂದಿದ್ದ. ಸಭಾಂಗಣದ ಗೋಡೆಗೆ ಬಿಳಿ ಹಾಳೆ, ಮೇಜಿನ ಮೇಲೆ ಬಣ್ಣದ ಚೀಟಿ, ಪ್ರತಿಯೊಬ್ಬರ ಮುಂದೆ ಒಂದೊಂದು ನೀರಿನ ಬಾಟಲಿ. ಹೆಣ್ಣು ಸದಸ್ಯರ ಬಾಟಲಿಗಳ ಸೀಲು ಒಡೆದಿರಲಿಲ್ಲ. (ಇದನ್ನು ಯಾರೂ ಗಮನಿಸಲಿಲ್ಲ. ನಾನೂ ಮೂರನೆಯ ಡ್ರಾಫ್ಟಿನಲ್ಲಿ ಗಮನಿಸಿದೆ.)

ಬಸಂತರಾಯ ಮೊದಲಿಗೇ ಒಂದು ಸೂಚನೆ ಕೊಟ್ಟಿದ್ದ: ಹಿಂದಿನ ಅವಧಿಯಲ್ಲಿ ಮುಗಿದ ಗುರಿಗಳನ್ನು ಮತ್ತೆ ಬರೆಯುವಂತಿಲ್ಲ. ಹಿಂದಿನ ಅವಧಿಯಲ್ಲಿ ಊರು ಬಯಲು ಶೌಚದಿಂದ ಮುಕ್ತವಾಗಿತ್ತು. ಊರ ಬಾಯಿಗೆ ಬೋರ್ಡೂ ಬಿದ್ದಿತ್ತು. ಆ ಬೋರ್ಡಿನ ಹಿಂದೆಯೇ ಜನ ಕುಕ್ಕರಿಸುತ್ತಿದ್ದರು, ಅಗಲವಾದ ಬೋರ್ಡು. ಅಂತೂ ಆ ಶಬ್ದ ಪುರಸಭೆಯ ಮಟ್ಟಿಗೆ ಮುಗಿದ ಶಬ್ದ.

“ಸ್ವಾಗತ ಕಮಾನು ಬರೀರಿ ಸರ,” ಎಂದ ಒಬ್ಬ ಸದಸ್ಯ.

“ಒಂದಽ ಯಾಕ? ಊರಿಂದ ಹೊರಗ ಹೋಗಾವ್ರಿಗೂ ಒಂದು ಇರ್ಲಿ,” ಎಂದ ಮತ್ತೊಬ್ಬ.

“ಸಾರ್, ಮೊದಲು ಕಾನ್ಸೆಪ್ಟ್ ತಿಳ್ಕೊಳ್ಳಿ,” ಎಂದು ತರಬೇತುದಾರ ಕೈಯೆತ್ತಿದ. “ಗುರಿ ಅಂದ್ರೆ ನಾವು ಎಲ್ಲಿಗೆ ಹೋಗ್ಬೇಕು ಅನ್ನೋದು. ಆದ್ಯತೆ ಅಂದ್ರೆ ಮೊದಲು ಎಲ್ಲಿಗೆ ಹೋಗ್ಬೇಕು ಅನ್ನೋದು.”

ಮೆಹರುನ್ನಿಸಾ ತಲೆಯೆತ್ತಿದಳು. ಎಲ್ಲಿಗೆ ಹೋಗಬೇಕು. ಅತ್ತೆ ಗೋಡೆ ಕಡೆ ಮುಖ ಮಾಡಿ ಕೇಳಿದ್ದು ಇದನ್ನೇ. ಇಷ್ಟು ದಿನ ತನ್ನ ಪ್ರಶ್ನೆ ಸಭೆಗೆ ತರುವಂಥದ್ದಲ್ಲ ಅಂದುಕೊಂಡಿದ್ದಳು. ನೋಡಿದರೆ ಬೆಂಗಳೂರಿನವರೇ ಅದನ್ನು ಕೇಳುತ್ತಿದ್ದಾರೆ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಸರ, ನಾನೂ ಅದನ್ನ ಕೇಳಬೇಕಂತ ಬಂದೇನ್ರಿ. ಸಂತ್ಯಾಗ ಕೂಡೋ ಹೆಣ್ಮಕ್ಕಳಿಗೆ ಹೊರಗ ಹೋಗಾಕ ಒಂದು ಜಾಗಾ ಇಲ್ರಿ. ಮುಂಜಾನಿಂದ ಸಂಜೀತನ ತಡಕೊಂಡು ಕೂಡ್ತಾರ.”

ತರಬೇತುದಾರನ ಕಣ್ಣು ತುಂಬಿ ಬಂದವು. ಸುಳ್ಳಲ್ಲ.

“ವಂಡರ್‌ಫುಲ್ ಮೇಡಂ! ಇಷ್ಟು ಊರು ತಿರುಗಿದೀನಿ, ಯಾರೂ ಇದನ್ನ ಹೇಳಿಲ್ಲ. ದುಡಿಯೋ ಹೆಂಗಸರೂ ನಾಲ್ಕು ಜನರ ಹಾಗೆ ಹೊರಗೆ ಹೋಗಿ ಕೂರ್ಬೇಕು ಅನ್ನೋದು. ಆ ಆಸೇನ ತಡ್ಕೊಂಡು...”

“ಆಸೆ ಅಲ್ರಿ ಸರ...”

ಆತ ಆಗಲೇ ಹಾಳೆಯತ್ತ ತಿರುಗಿ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದ: ಮಹಿಳಾ ವಿಹಾರಧಾಮ. ಕೆಳಗೆ: ಹುಲ್ಲುಹಾಸು, ಬೆಂಚು, ಕಾರಂಜಿ. ಆತ ಕಾರಂಜಿ ಎಂದು ಓದಿದಾಗ ಪಕ್ಕದ ಸದಸ್ಯೆ ವಿದ್ಯಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಭೆ ಸ್ತಬ್ಧವಾಯಿತು. ನಾನು ಈ ಕತೆಗೆ ಕೈಹಾಕಿದ್ದೇ ಆ ಗಳಿಗೆಗಾಗಿ. ಅಲ್ಲಿದ್ದ ಪ್ರತಿಯೊಬ್ಬರಿಗೂ ಮೆಹರುನ್ನಿಸಾ ಕೇಳಿದ್ದೇನೆಂದು ಗೊತ್ತು. ಆ ಪುಣ್ಯಾತ್ಮನೊಬ್ಬನನ್ನು ಬಿಟ್ಟು. ತಿದ್ದಬೇಕೆಂದರೆ ಯಾರಾದರೂ ಆ ಶಬ್ದ ಆಡಬೇಕು. ಗಂಡಸರು ಆಡಿದರೆ ಊರಬಾಯಿಯ ಬೋರ್ಡು ಸುಳ್ಳಾಗುತ್ತದೆ. ಹೆಂಗಸರು ಆಡಿದರೆ ಹಿರಿಯರ ಮುಂದೆ ಮಾನ ಹೋಗುತ್ತದೆ. ಫ್ಯಾನು ತಿರುಗುವ ಸದ್ದು ಕೇಳಿಸಿತು. ಮೌನ ಖಾಲಿಯಾಗಿರುತ್ತದೆ ಎಂದು ಯಾರು ಹೇಳಿದರು? ಅಲ್ಲಿ ಕೂತುಕೊಳ್ಳಲು ಜಾಗವಿರಲಿಲ್ಲ.

“ಒಂದನೇ ಆದ್ಯತೆ, ಮಹಿಳಾ ವಿಹಾರಧಾಮ. ಹೂಂ?” ಎಂದು ಬಸಂತರಾಯ ಕತ್ತು ತಿರುಗಿಸಿದ.

ಹೂಂ, ಹೂಂ, ಹೂಂ. ಸದ್ದು ಸಾಲುಗುಂಟ ಬಂತು. ಮೆಹರುನ್ನಿಸಾಳ ಬಾಯಿಂದಲೂ ಜಾರಿತು. ಸರ್ವಾನುಮತ.

ಹೊರಗೆ ಬಂದಾಗ ವಿದ್ಯಾವತಿ ನಗೆ ತಡೆಯದೆ ಕಂಬ ಹಿಡಿದಳು. “ಕಾರಂಜಿ ಬ್ಯಾರೆ ಬರ್ತೈತಂತ ಬೇ! ಅದರ ಸಪ್ಪಳ ಕೇಳ್ಕೋತ ತಡಕೊಂಡು ಕೂಡೂದು!”

“ನೀ ಯಾಕ ಹೇಳ್ಲಿಲ್ಲ ಅಕ್ಕಾ?”

ವಿದ್ಯಾವತಿಯ ನಗೆ ನಿಂತಿತು. “ಬಸಂತರಾಯ ನನಗ ಭಾವ ಆಗ್ಬೇಕು. ಅವರ ಎದುರಿಗೆ ಹೆಂಗ ಹೇಳ್ಲಿ?”

೩ (ಮತ್ತೆ, ಯಾಕೆಂದರೆ ಇಲ್ಲಿ ಮೆಹರುನ್ನಿಸಾ ನನ್ನನ್ನು ತಡೆದಳು)

“ಏನು ಬರಿಯಾಕತ್ತೀ ತಮ್ಮಾ?”

“ನಿಮ್ಮ ಸಭೆಯ ಮೌನದ ಬಗ್ಗೆ, ಅಕ್ಕಾರ.”

“ಹಾಳಿ ಮ್ಯಾಲ ಮೌನ ಭಾಳ ಚಂದ ಕಾಣತೈತಿ. ನಮ್ಮತ್ತಿಗೆ ಉರಿ ಹತ್ತೈತಿ.”

ಎಂ.ಎ. ಓದಿದವನಿಗೆ ಇಂಥ ಮಾತಿಗೆ ಉತ್ತರ ಹೇಳಿಕೊಟ್ಟಿರುವುದಿಲ್ಲ.

“ನಮಗ ನಾಚಿಕಿ, ಒಪ್ಪಿದೆ. ನೀ ಇಲ್ಲೀತನಕ ಆ ಶಬ್ದ ಬರದೀಯೇನು?”

ಹಿಂದಿನ ಪುಟ ತಿರುವಿದೆ. ಬರೆದಿಲ್ಲ. ‘ಆ ಶಬ್ದ’, ‘ಅದು’, ಒಂದು ಕಡೆ ಬರೀ ಗೆರೆ. ಬೋರ್ಡಿನ ಮಾತು ಬಂದಲ್ಲಿ ‘ಶೌಚ’.

“ಕತೆಯ ಬಿಗಿಗೋಸ್ಕರ...” ಎಂದೆ.

“ಬಿಗಿಹಿಡಿಯೂದು ನಮಗ ಕಲಸ್ಬ್ಯಾಡ.”

ಶೌಚಾಲಯ ಎಂದು ಬರೆದು ತೋರಿಸಿದೆ.

“ಅದು ಬೋರ್ಡಿನ ಮ್ಯಾಲಿಂದು. ಹಂಗ ಬರದು ಕೀಲಿ ಹಾಕ್ತಾರ.”

ಸರಿ. ಸಂಡಾಸ. ಸಂತೆಯ ಹೆಣ್ಣುಮಕ್ಕಳಿಗೆ ಒಂದು ಸಂಡಾಸ. ಬರೆದೆ. ಕತೆಯ ಕಲಾತ್ಮಕತೆಗೆ ಏನೂ ಆಗಲಿಲ್ಲ, ಅಷ್ಟು ಇರಲೂ ಇಲ್ಲ.

ಅಂತ್ಯಗಳು

ಆದ್ಯತೆಗಳಿಗೆ ಕೊನೆಯ ಮಂಜೂರಾತಿ ಕೊಡಲು ಮತ್ತೊಂದು ಸಭೆ ಇದೆ. ಅಲ್ಲಿ ಏನಾಗಬೇಕು?

ಅ) ಮೆಹರುನ್ನಿಸಾ ಎದ್ದು ನಿಂತು ಹೆಣ್ಣಿನ ಘನತೆಯ ಬಗ್ಗೆ ಮಾತಾಡುತ್ತಾಳೆ. ಬಸಂತರಾಯ ಕಣ್ಣೊರೆಸಿಕೊಳ್ಳುತ್ತಾನೆ. ಚಪ್ಪಾಳೆ.

“ಇಷ್ಟು ಚೊಲೋ ಭಾಷಣ ನನಗ ಬರೂದಿಲ್ಲ. ಸಿನಿಮಾ ಆತಿದು. ಹೊಡದಹಾಕು.”

ಆ) ವಿಹಾರಧಾಮ ಆಗುತ್ತದೆ. ಕಾರಂಜಿ ಕೆಡುತ್ತದೆ, ಬೇಲಿಯ ಗಿಡ ಆಳೆತ್ತರ ಬೆಳೆಯುತ್ತದೆ. ಒಂದು ಸಂಜೆ ಸಂತೆಯ ಹೆಂಗಸರು ಆ ಬೇಲಿಯ ಮರೆಗೆ ‘ವಿಹಾರಕ್ಕೆ’ ಹೋಗತೊಡಗುತ್ತಾರೆ. ತರಬೇತುದಾರ ಬರೆದದ್ದೂ ನಿಜವಾಗುತ್ತದೆ, ಆಕೆ ಕೇಳಿದ್ದೂ ಸಿಗುತ್ತದೆ. (ಇದು ನನಗೆ ತುಂಬ ಹಿಡಿಸಿತ್ತು. ಎರಡು ದಿನ ನಗುತ್ತ ತಿರುಗಿದೆ.)

“ಓದಾವ್ರು ನಗ್ತಾರ,” ಎಂದಳು ಮೆಹರುನ್ನಿಸಾ. “ನಮ್ಮತ್ತಿ ಆ ಕಂಟಿ ಹಿಂದ ಕುಂತಾಗ ಪಾರ್ಕಿನ ಲೈಟು ಹತ್ತಿದ್ರ?”

ಹೊಡೆದುಹಾಕಿದೆ.

“ಹಾಗಾದರೆ ನೀವೇ ಹೇಳಿರಿ ಅಕ್ಕಾರ.”

“ಹೇಳೂದೇನೂ ಇಲ್ಲ. ಹೋದ ಸಲದಂಗ ಮೇಜಿನ ಮ್ಯಾಲ ನೀರಿನ ಬಾಟ್ಲಿ ಇಡು. ಮುಂದಿಂದು ನಾ ನೋಡ್ಕೋತೇನಿ.”

ಇಟ್ಟೆ.

ಇ)

ತರಬೇತುದಾರ ವಿಹಾರಧಾಮದ ನಕ್ಷೆ ಬಿಚ್ಚಿ ವಿವರಿಸುತ್ತಿದ್ದ. ಮೆಹರುನ್ನಿಸಾ ಬಾಟಲಿಯ ಸೀಲು ಒಡೆದಳು. ಕಟ್ ಎಂಬ ಸಣ್ಣ ಸದ್ದು. ಪೂರ್ತಿ ಕುಡಿದು ಖಾಲಿ ಬಾಟಲಿಯನ್ನು ಮುಂದಿಟ್ಟಳು. ವಿದ್ಯಾವತಿ ಆಕೆಯನ್ನೇ ನೋಡಿದಳು. ನೋಡಿ, ತನ್ನ ಬಾಟಲಿಯನ್ನೂ ಅತ್ತ ಸರಿಸಿದಳು. ಆಮೇಲೆ ಏನನ್ನಿಸಿತೋ, ಅದನ್ನು ಹಿಂದಕ್ಕೆ ಎಳೆದುಕೊಂಡು ತಾನೇ ಕುಡಿದಳು. ನಕ್ಷೆಯಲ್ಲಿ ಬೆಂಚುಗಳು ಬಂದವು. ಹುಲ್ಲುಹಾಸು ಬಂತು. ಮೆಹರುನ್ನಿಸಾ ಕೂತಲ್ಲೇ ಒಮ್ಮೆ ಸರಿದಳು. ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ ಸರಿದಳು. ಅತ್ತೆಯ ದಿನ ಎಷ್ಟು ಉದ್ದವೆಂದು ಆಕೆಗೆ ಈಗ ತಿಳಿಯತೊಡಗಿತ್ತು. ಕಾರಂಜಿ ಬಂತು.

“ಹೂಂ?” ಎಂದ ಬಸಂತರಾಯ.

ಹೂಂ, ಹೂಂ. ಸದ್ದು ಸಾಲುಗುಂಟ ಬಂದು ಆಕೆಯ ಹತ್ತಿರ ನಿಂತಿತು. ಆಕೆ ಎದ್ದು ಬಸಂತರಾಯನ ಕಡೆ ತಿರುಗಿದಳು.

“ಕಾಕಾರ, ಹೊರಗ ಹೋಗ್ಬೇಕ್ರಿ.”

“ಒಂದೇ ನಿಮಿಷ ಮೇಡಂ,” ಎಂದ ತರಬೇತುದಾರ ನಗುತ್ತ. “ಮುಗೀತು. ಆಮೇಲೆ ಎಲ್ರೂ ಸೇರಿ ಹೊರಗೆ ಹೋಗೋಣ, ಜಾಗ ನೋಡೋಕೆ.”

“ಎಲ್ಲಾರೂ ಬ್ಯಾಡ್ರಿ ಸರ. ನಾ ಒಬ್ಬಾಕಿ ಸಾಕು.”

ಯಾರೋ ಕಿಸಕ್ಕೆಂದರು. ಆ ನಗೆ ಅರ್ಧಕ್ಕೇ ನಿಂತಿತು, ಯಾಕೆಂದರೆ ಆಕೆ ಕೂತುಕೊಳ್ಳಲಿಲ್ಲ. ತರಬೇತುದಾರ ಖಾಲಿ ಬಾಟಲಿ ನೋಡಿದ. ತಾನೇ ಬರೆದ ದೊಡ್ಡ ಅಕ್ಷರಗಳನ್ನು ನೋಡಿದ. ಆತನ ಕಿವಿ ಕೆಂಪಾದವು.

ಪುರಸಭೆ ಕಟ್ಟಡದಲ್ಲಿ ಹೆಣ್ಣುಮಕ್ಕಳದೊಂದು ಸಂಡಾಸ ಇದೆ. ಬಾಗಿಲ ಮೇಲೆ ಬೋರ್ಡೂ ಇದೆ.

“ಕೀಲಿ ಯಾರ ಹತ್ರ ಐತಿ?” ಎಂದು ಬಸಂತರಾಯ ತಗ್ಗಿದ ದನಿಯಲ್ಲಿ ಕೇಳಿದ. ಮುಖ್ಯಾಧಿಕಾರಿ ಗುಮಾಸ್ತನನ್ನು ನೋಡಿದ. ಗುಮಾಸ್ತ ಬಾಗಿಲಲ್ಲಿದ್ದ ಸಿಪಾಯಿಯನ್ನು ನೋಡಿದ.

“ಅದರಾಗ ಹಳೇ ಫ್ಲೆಕ್ಸ್ ತುಂಬ್ಯಾವ್ರಿ,” ಎಂದ ಸಿಪಾಯಿ.

ವಿದ್ಯಾವತಿ ಎದ್ದು ನಿಂತಳು. ಸೆರಗು ಬಾಯಿಯ ಮೇಲಿರಲಿಲ್ಲ.

“ಭಾವಾರ, ನಾನೂ.”

ಬಸಂತರಾಯ ಇಬ್ಬರನ್ನೂ ನೋಡಿದ. ಏನೋ ಹೇಳಲು ಬಾಯಿ ತೆರೆದ. ಬಂದದ್ದು ಒಂದೇ.

“ಹೂಂ.”

ಇದನ್ನು ಒಪ್ಪಿಗೆಯ ಹೂಂ ಎಂದು ಬರೆಯಲೇ? ಎಚ್ಚರಾದವನ ಹೂಂ ಎಂದು ಬರೆಯಲೇ? ಗುಮಾಸ್ತನೂ ಪೆನ್ನು ಎತ್ತಿಕೊಂಡು ಇದನ್ನೇ ಯೋಚಿಸುತ್ತಿದ್ದಾನೆ. ನಾನು ಆತನಿಗಿಂತ ಮುಂದೆ ಹೋಗಲಾರೆ. ಇಲ್ಲಿ ಪೂರ್ಣವಿರಾಮ ಹಾಕಿದರೆ ಇಬ್ಬರು ಹೆಂಗಸರು ಕಾಯಂ ಆಗಿ ನಿಂತುಬಿಡುತ್ತಾರೆ. ಅತ್ತ ಸಂತೆಯಲ್ಲಿ, ಜ್ವರ ಬಿಟ್ಟ ಮರುದಿನವೇ ಬಂದು ಕೂತ ರೋಷನಬಿಯ ಮುಂದೆ ಯಾರೋ ತಂಬಿಗೆ ನೀರು ಇಟ್ಟುಹೋಗಿದ್ದಾರೆ. ಆಕೆ ಅದನ್ನು ಲಿಂಬೆಹಣ್ಣಿನ ಮೇಲೆ ಚಿಮುಕಿಸುತ್ತಿದ್ದಾಳೆ, ಹಣ್ಣು ಬಾಡಬಾರದೆಂದು.

ನೀವು ಇಷ್ಟು ಹೊತ್ತು ಹೂಂ ಅನ್ನುತ್ತ ಬಂದಿರಿ. ಅದು ಯಾವ ಹೂಂ ಎಂದು ನಾನು ಕೇಳುವುದಿಲ್ಲ. ನೀವೂ ಮುಂದೇನಾಯಿತು ಎಂದು ಕೇಳಬೇಡಿ, ಕೀಲಿ ಹುಡುಕುತ್ತಿದ್ದಾರೆ