ರಾಹೇಲಮ್ಮ ದೇವರೊಡನೆ ಜಗಳಕ್ಕೆ ನಿಂತದ್ದು

ಶಹಾಪುರದ ಚರ್ಚಿನಲ್ಲಿ ಹದಿನೆಂಟು ವರ್ಷ ಹಾಡು ಹೇಳಿಕೊಟ್ಟ ರಾಹೇಲಮ್ಮನಿಗೆ ಗಂಟಲಿನ ಆಪರೇಷನ್ ಆದಮೇಲೆ ದನಿ ಒಡೆದುಹೋಯಿತು. ಆಮೇಲೂ ಆಕೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಊರವರೆಲ್ಲರ ಸಲುವಾಗಿ ಚೆಂದವಾಗಿ ಪ್ರಾರ್ಥಿಸುತ್ತಿದ್ದಳು. ತನ್ನ ವಿಷಯ ಬಂದಾಗ ಮಾತ್ರ "ಸ್ತೋತ್ರ ತಂದೆಯೇ" ಎಂದು ಮುಗಿಸಿಬಿಡುತ್ತಿದ್ದಳು.

ಕಕ್ಕೇರಾದಿಂದ ಬಂದಿದ್ದ ನಾದಿನಿ ಸುಂದ್ರಮ್ಮ ಸೋಮವಾರ ಮುಂಜಾನೆ ಅತ್ತಿಗೆಯ ಜೊತೆ ರೊಟ್ಟಿ ಬಡಿಯುತ್ತ ಕೇಳಿಯೇಬಿಟ್ಟಳು.

"ವೈನಿ, ನಿನ್ನೆ ನೀವು ತಹಶೀಲ್ದಾರರ ಮುಂದ ಅರ್ಜಿ ಓದಿದಂಗ ಪ್ರಾರ್ಥನಾ ಮಾಡಿದ್ರಿ. ಮನಸಿನ್ಯಾಗಿಂದು ಯಾವಾಗ ಹೇಳ್ತೀರಿ?"

"ಹೇಳಿದ್ರ ದೇವರ ಜೋಡಿ ಜಗಳ ಆಗ್ತದವ್ವ."

"ಆಗ್ಲಿ ಬಿಡ್ರಿ. ಆತಗೇನು ಜಗಳ ಹೊಸಾದೇನ್ರಿ?"

ರಾಹೇಲಮ್ಮ ಹಿಟ್ಟಿನ ಕೈಯಲ್ಲೇ ಮೇಲೆ ನೋಡಿದಳು. "ಯೇಸಪ್ಪಾ, ನಿನ್ನ ಹಾಡೇ ಹಾಡ್ತಿದ್ದೆ. ಆ ದನಿನೇ ಕಸಗೊಂಡ್ಯಲ್ಲೋ! ಎರಡು ವರ್ಷ ಆತು, ನಿನ್ನ ಮ್ಯಾಲ ಸಿಟ್ಟದ ನನಗ" ಎಂದು ಒಡಕು ದನಿಯಲ್ಲೇ ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಬೈದಳು, ಅತ್ತಳು, ಕೊನೆಗೆ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆಗೆ ನಕ್ಕೇಬಿಟ್ಟಳು.

"ಯೇಸಪ್ಪ ಏನಂದನ್ರಿ?"

"ಏನೂ ಅನ್ಲಿಲ್ಲ. ಪೂರಾ ಕೇಳಿಸ್ಕೊಂಡ." ರಾಹೇಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೂ ಭಾಳ ಹೇಳೋದದ. ನೀ ಸ್ವಲ್ಪ ಚಾ ಇಡು."